ದೊಡ್ಡಪ್ಪನ ಬ್ಯಾಂಡು, ಅಟ್ಟದ ಮೇಲಿನ ಆಲ್ಬಮ್

ಹಾಡಿನ ತಂಡ ಕಟ್ಟಿ ಅದಕ್ಕೆ ಯಾರಾದರೂ 'ಸಾವು' ಅಂತ ಹೆಸರಿಡ್ತಾರಾ? ಇಟ್ಟರೂ, ದೊಡ್ಡ ಕಂಪನಿಯವರು ಬಂದು "ಹೆಸರೊಂದು ಬದಲಾಯಿಸಿಬಿಡಿ, ಉಳಿದದ್ದು ನಾವು ನೋಡ್ಕೋತೀವಿ" ಅಂದಾಗ ಬೇಡ ಅಂತಾರಾ? ಅಮೆರಿಕದ ಡೆಟ್ರಾಯ್ಟ್ ಊರಿನ ಮೂವರು ಅಣ್ಣತಮ್ಮಂದಿರು ಎರಡನ್ನೂ ಮಾಡಿದರು. ಬ್ಯಾಂಡಿನ ಹೆಸರು 'ಡೆತ್'. 1975ರಲ್ಲಿ ಅವರು ಹಾಡಿ ಮುದ್ರಿಸಿದ ಆಲ್ಬಮ್ ಜನರ ಕೈಗೆ ಬಂದದ್ದು 2009ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷ. ಅಷ್ಟರಲ್ಲಿ ಆ ಹಾಡುಗಳ ಹಿಂದಿನ ತಲೆ, ಮೂವರಲ್ಲಿ ದೊಡ್ಡವನು, ತೀರಿಕೊಂಡಿದ್ದ. ಆ ಹಾಡುಗಳನ್ನು ವೇದಿಕೆಗೆ ತಂದವರಲ್ಲಿ ಅವನ ತಮ್ಮನ ಮಕ್ಕಳೂ ಇದ್ದರು. ದೊಡ್ಡಪ್ಪನಿಗೆ ಇಂಥದ್ದೊಂದು ಬ್ಯಾಂಡ್ ಇತ್ತು ಅಂತಲೇ ಆ ಹುಡುಗರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಂಬಂಧಿಕರ ಬ್ಯಾಂಡಿನ ಹೊಸ ಆಲ್ಬಮ್ ಬಗ್ಗೆ ಬರೆಯೋದು ಅಂದರೆ ಸಾಮಾನ್ಯವಾಗಿ "ನಮ್ಮ ಹುಡುಗ ಚೆನ್ನಾಗಿ ಹಾಡಿದಾನೆ, ಕೇಳಿ" ಅನ್ನೋ ಶಿಫಾರಸು. ಇಲ್ಲಿ ಹಾಗಲ್ಲ. ಇದು ಒಂದು ಮನೆಯವರ ಕತೆಯೂ ಹೌದು, ರಾಕ್ ಸಂಗೀತದ ಇತಿಹಾಸದಲ್ಲಿ ಹರಿದುಹೋಗಿದ್ದ ಒಂದು ಪುಟ ಮತ್ತೆ ಸಿಕ್ಕಿದ ಕತೆಯೂ ಹೌದು. ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ, ತಾಳ್ಮೆ ಇರಲಿ.

* * *

ಮೊದಲು ಈ 'ಗ್ಯಾರೇಜ್' ಅನ್ನೋ ಪದ. ನಮ್ಮಲ್ಲಿ ಗ್ಯಾರೇಜ್ ಅಂದರೆ ಕೈಗೆಲ್ಲ ಗ್ರೀಸ್ ಮೆತ್ತಿಕೊಂಡ ಮೆಕ್ಯಾನಿಕ್, ಬಿಚ್ಚಿ ಹರಡಿದ ಸ್ಕೂಟರ್. ಅಮೆರಿಕದಲ್ಲಿ ಅದು ಮನೆಗೆ ಅಂಟಿಕೊಂಡ ಕಾರಿನ ಕೋಣೆ. ಕಾರನ್ನು ಹೊರಗೆ ನಿಲ್ಲಿಸಿಬಿಟ್ಟರೆ ನಾಲ್ಕು ಹುಡುಗರು ಡ್ರಮ್ಮು, ಗಿಟಾರು ಇಟ್ಟುಕೊಂಡು ಗಲಾಟೆ ಮಾಡಲು ಸಾಕಾಗುವಷ್ಟು ಜಾಗ. 1960ರ ದಶಕದ ನಡುವೆ ಅಲ್ಲಿನ ಊರೂರಿನಲ್ಲೂ ಹೈಸ್ಕೂಲ್ ಹುಡುಗರು ಹೀಗೆ ಬ್ಯಾಂಡ್ ಕಟ್ಟಿದರು. ಕಾರಣ ಬೀಟಲ್ಸ್. 1964ರ ಫೆಬ್ರುವರಿ 9ರ ರಾತ್ರಿ ಎಡ್ ಸಲಿವನ್ ಅವರ ಟೀವಿ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು ಅಂತ ಲೆಕ್ಕ. ಅದನ್ನು ನೋಡಿದ ಎಷ್ಟೋ ಹುಡುಗರು ಮರುದಿನವೇ ಗಿಟಾರ್ ಬೇಕು ಅಂತ ಹಟ ಹಿಡಿದರಂತೆ.

ಈ ಹುಡುಗರಿಗೆ ಸಂಗೀತ ಪಾಠ ಇರಲಿಲ್ಲ, ಒಳ್ಳೆಯ ಸಲಕರಣೆ ಇರಲಿಲ್ಲ. ಮೂರು ಕಾರ್ಡ್ ಕಲಿತರೆ ಹಾಡು. ದನಿ ಒಡೆದರೂ ಸರಿ, ಸ್ಪೀಕರ್ ಕೊರೆದರೂ ಸರಿ. 1963ರಲ್ಲಿ ಕಿಂಗ್ಸ್‌ಮೆನ್ ಅನ್ನೋ ತಂಡ ಮುದ್ರಿಸಿದ 'ಲೂಯಿ ಲೂಯಿ' ಹಾಡಿನ ಸಾಲುಗಳು ಎಷ್ಟು ಅಸ್ಪಷ್ಟವಾಗಿದ್ದವೆಂದರೆ, ಅದರಲ್ಲೇನೋ ಅಶ್ಲೀಲ ಇದೆ ಅಂತ ದೂರು ಬಂದು ಎಫ್‌ಬಿಐ ತನಿಖೆಯನ್ನೇ ಮಾಡಿತು. ಕೊನೆಗೆ ಸಿಕ್ಕಿದ್ದೇನು? ಹಾಡಿನಲ್ಲಿ ಏನು ಹೇಳ್ತಿದಾನೆ ಅಂತ ಅರ್ಥವಾಗೋದಿಲ್ಲ ಅನ್ನೋ ತೀರ್ಮಾನ!

ಇನ್ನು 'ಪಂಕ್' ಅನ್ನೋ ಪದ. ಪಂಕ್ ರಾಕ್ ಅಂದ ಕೂಡಲೇ ನಮಗೆ ನೆನಪಾಗೋದು ಲಂಡನ್ನು, ಮುಳ್ಳುಮುಳ್ಳು ಕೂದಲು, ಸೆಕ್ಸ್ ಪಿಸ್ಟಲ್ಸ್. ಇಲ್ಲವೇ ನ್ಯೂಯಾರ್ಕಿನ ರಾಮೋನ್ಸ್. ರಾಮೋನ್ಸ್‌ರ ಮೊದಲ ಆಲ್ಬಮ್ 1976ರ ಏಪ್ರಿಲ್‌ನದು, ಸೆಕ್ಸ್ ಪಿಸ್ಟಲ್ಸ್‌ರ ಮೊದಲ ಹಾಡು ಅದೇ ವರ್ಷದ ನವೆಂಬರ್‌ನದು. ಆದರೆ ಪದ ಅದಕ್ಕಿಂತ ಹಳೆಯದು. 1971ರಲ್ಲಿ 'ಕ್ರೀಮ್' ಪತ್ರಿಕೆಯಲ್ಲಿ ಡೇವ್ ಮಾರ್ಷ್ ಅನ್ನೋ ವಿಮರ್ಶಕ 'ಪಂಕ್ ರಾಕ್' ಅಂತ ಬರೆದದ್ದು '96 ಟಿಯರ್ಸ್' ಹಾಡಿದ ತಂಡದ ಬಗ್ಗೆ. ತಂಡದ ಹೆಸರೇ ಒಂದು ಪ್ರಶ್ನಾರ್ಥಕ ಚಿಹ್ನೆ ಮತ್ತು 'ಮಿಸ್ಟೀರಿಯನ್ಸ್'. ಅವರು ಮಿಶಿಗನ್ ರಾಜ್ಯದ, ಮೆಕ್ಸಿಕನ್ ಮೂಲದ ಕುಟುಂಬಗಳ ಹುಡುಗರು. ಕ್ರೀಮ್ ಪತ್ರಿಕೆ ಹುಟ್ಟಿದ್ದು ಅದೇ ಮಿಶಿಗನ್ನಿನ ಡೆಟ್ರಾಯ್ಟ್‌ನಲ್ಲಿ, 1969ರಲ್ಲಿ. ಮರುವರ್ಷ, 1972ರಲ್ಲಿ, ಲೆನ್ನಿ ಕೇ ಅನ್ನುವವರು 60ರ ದಶಕದ ಗ್ಯಾರೇಜ್ ಹಾಡುಗಳನ್ನೆಲ್ಲ ಹೆಕ್ಕಿ 'ನಗೆಟ್ಸ್' ಅನ್ನೋ ಸಂಕಲನ ತಂದಾಗ ಅದರ ಟಿಪ್ಪಣಿಯಲ್ಲೂ ಈ ಪದ ಬಂತು.

ಅಂದರೆ ಪಂಕ್ ಅನ್ನೋ ಪದ ರಾಕ್ ಸಂಗೀತಕ್ಕೆ ಅಂಟಿಕೊಂಡ ಜಾಗಗಳಲ್ಲಿ ಡೆಟ್ರಾಯ್ಟ್ ಕೂಡ ಒಂದು, ಅಂಟಿಸಿಕೊಂಡವರಲ್ಲಿ ಬಿಳಿಯರಲ್ಲದವರೂ ಇದ್ದರು. ಈ ಎರಡು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಲೆನ್ನಿ ಕೇ ಹೆಸರನ್ನೂ.

* * *

ಡೆಟ್ರಾಯ್ಟ್ ಅಂದರೆ ಕಾರಿನ ಊರು. 1950ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 18.5 ಲಕ್ಷ, 1970ಕ್ಕೆ ಅದು 15 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಕಾರ್ಖಾನೆಗಳು ಊರಾಚೆ ಹೋದವು, ಅವುಗಳ ಹಿಂದೆ ಬಿಳಿಯರೂ ಹೋದರು. 1967ರ ಜುಲೈನಲ್ಲಿ ನಡೆದ ಗಲಭೆಯಲ್ಲಿ 43 ಜನ ಸತ್ತರು.

ಆದರೂ ಸಂಗೀತಕ್ಕೆ ಮಾತ್ರ ಊರು ಬಡವಾಗಿರಲಿಲ್ಲ. ಬೆರಿ ಗೋರ್ಡಿ ಅನ್ನೋ ಕಪ್ಪು ಯುವಕ 1959ರಲ್ಲಿ ಮನೆಯವರು ಕೂಡಿಟ್ಟಿದ್ದ ಹಣದಲ್ಲಿ 800 ಡಾಲರ್ ಸಾಲ ತೆಗೆದುಕೊಂಡು ಶುರು ಮಾಡಿದ ಮೋಟೌನ್ ಕಂಪನಿ ಜಗತ್ತನ್ನೇ ಕುಣಿಸಿತು. ಇನ್ನೊಂದು ಕಡೆ ಬಿಳಿ ಹುಡುಗರ ರಾಕ್: ಎಂಸಿ5 ತಂಡ 1968ರ ಅಕ್ಟೋಬರ್ ಕೊನೆಯಲ್ಲಿ ಇಲ್ಲಿನ ಗ್ರ್ಯಾಂಡಿ ಬಾಲ್‌ರೂಮಿನಲ್ಲಿ ಜನರ ಮುಂದೆಯೇ ತನ್ನ ಮೊದಲ ಆಲ್ಬಮ್ ಮುದ್ರಿಸಿತು. ಪಕ್ಕದ ಆನ್ ಆರ್ಬರ್‌ನಿಂದ ಇಗ್ಗಿ ಪಾಪ್‌ನ ಸ್ಟೂಜಸ್ 1969ರಲ್ಲಿ ಬಂತು. ಎರಡೂ ಕಿವಿ ಹರಿಯೋ ಸಂಗೀತ.

ಊರು ಒಂದೇ ಆದರೂ ರೇಡಿಯೋ ಎರಡಿದ್ದ ಹಾಗೆ. ಕಪ್ಪು ಜನರಿಗೆ ಸೋಲ್, ಫಂಕ್, ಬಿಳಿಯರಿಗೆ ರಾಕ್. ತಮಾಷೆ ಏನು ಗೊತ್ತಾ? ರಾಕ್ ಅಂಡ್ ರೋಲ್ ಕಟ್ಟಿದವರಲ್ಲಿ ಮೊದಲ ಸಾಲಿನವರೇ ಚಕ್ ಬೆರಿ, ಲಿಟಲ್ ರಿಚರ್ಡ್, ಬೋ ಡಿಡ್ಲಿಯಂಥ ಕಪ್ಪು ಹಾಡುಗಾರರು. ಅದಾಗಿ ಹದಿನೈದು ವರ್ಷ ಕಳೆಯೋದರೊಳಗೆ ಕಪ್ಪು ಹುಡುಗ ಜೋರಾಗಿ ರಾಕ್ ಬಾರಿಸಿದರೆ ಅಕ್ಕಪಕ್ಕದವರು "ಇದ್ಯಾಕೋ ನಿನಗೆ ಬಿಳಿಯರ ಸಂಗೀತ?" ಅಂತ ಕೇಳುವ ಸ್ಥಿತಿ ಬಂದಿತ್ತು.

ಹ್ಯಾಕ್ನಿ ಮನೆಯ ಹುಡುಗರು ಬೆಳೆದದ್ದು ಇಂಥ ಊರಲ್ಲಿ. ಡೇವಿಡ್ ದೊಡ್ಡವನು, ಆಮೇಲೆ ಡ್ಯಾನಿಸ್, ಕಿರಿಯವನು ಬಾಬಿ. ದೇವರು ದಿಂಡರಲ್ಲಿ ಗಾಢ ನಂಬಿಕೆಯ ಮನೆ. ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸ್ ಬಂದ ರಾತ್ರಿ ಅಪ್ಪನೇ ಮಕ್ಕಳನ್ನು ಟೀವಿ ಮುಂದೆ ಕೂರಿಸಿದ್ದರಂತೆ. ಮರುದಿನ ಡೇವಿಡ್‌ಗೆ ಓಣಿಯಲ್ಲಿ ಯಾರೋ ಎಸೆದ ಹಳೇ ಗಿಟಾರ್ ಸಿಕ್ಕಿತು, ಕಲಿಯಲು ಕೂತ. ತಮ್ಮಂದಿರು ಹಿಂದೆಯೇ ಬಂದರು. ಮುಂದೆ ಡೇವಿಡ್ ಗಿಟಾರ್, ಬಾಬಿ ಬೇಸ್ ಗಿಟಾರ್ ಮತ್ತು ಹಾಡು, ಡ್ಯಾನಿಸ್ ಡ್ರಮ್ಸ್. 1971ರಲ್ಲಿ ತಂಡಕ್ಕೆ ಇಟ್ಟ ಹೆಸರು 'ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್'. ಮೊದಲು ಮಲಗುವ ಕೋಣೆಯಲ್ಲಿ ಅಭ್ಯಾಸ, ಆಮೇಲೆ ಗ್ಯಾರೇಜು. ಮೊದಮೊದಲ ಕಚೇರಿಗಳೂ ಅದೇ ಗ್ಯಾರೇಜಿನಲ್ಲೇ.

ಶುರುವಿನಲ್ಲಿ ಅವರದು ಎಲ್ಲರ ಹಾಗೆ ಫಂಕ್ ಸಂಗೀತವೇ. ಬದಲಾಗಿದ್ದು 'ದ ಹೂ' ಮತ್ತು ಆಲಿಸ್ ಕೂಪರ್ ಕಚೇರಿಗಳನ್ನು ಕಣ್ಣಾರೆ ನೋಡಿದ ಮೇಲೆ. ಇನ್ನು ರಾಕ್ ಬಿಟ್ಟು ಬೇರೆ ಇಲ್ಲ ಅಂತ ಡೇವಿಡ್ ತೀರ್ಮಾನಿಸಿದ. ಅಷ್ಟರಲ್ಲಿ ಅಪ್ಪ ಅಪಘಾತದಲ್ಲಿ ಹೋಗಿದ್ದರು. ಸಾವಿನ ಬಗ್ಗೆ ಯೋಚಿಸುತ್ತಾ ಡೇವಿಡ್ ಬ್ಯಾಂಡಿನ ಹೆಸರನ್ನೇ 'ಡೆತ್' ಅಂತ ಬದಲಾಯಿಸಿದ. ಸಾವು ಅಂದರೆ ಕೆಟ್ಟದ್ದು ಅಂತ ಜನ ನೋಡೋದನ್ನು ತಿರುಗಿಸಿ ಒಳ್ಳೆಯ ಅರ್ಥ ಕೊಡಬೇಕು ಅನ್ನೋದು ಅವನ ಲೆಕ್ಕ. ತಂಡಕ್ಕೊಂದು ಚಿಹ್ನೆಯನ್ನೂ ಮಾಡಿದ: ಒಂದು ತ್ರಿಕೋನ, ಆತ್ಮ, ಮನಸ್ಸು, ದೇಹ ಅಂತ ಮೂರು ಮೂಲೆ, ಅವುಗಳನ್ನು ನಡೆಸುವ ದೈವ ಅಂತ ಇನ್ನೊಂದು ಬಿಂದು. ತಲೆಬುರುಡೆ, ಎಲುಬು ಏನೂ ಇಲ್ಲ. ಹೆಸರು ಕೇಳಿ ಬೆಚ್ಚಿದವರಿಗೆ ಇದು ಹೇಗೆ ಗೊತ್ತಾಗಬೇಕು!

* * *

ಡೆಟ್ರಾಯ್ಟ್‌ನ ಗ್ರೂವ್ಸ್‌ವಿಲ್ ಅನ್ನೋ ಕಂಪನಿ ಈ ಹುಡುಗರನ್ನು ಸೇರಿಸಿಕೊಂಡಿತು. ಅದರ ಯಜಮಾನ ಡಾನ್ ಡೇವಿಸ್. ಮುದ್ರಣ ನಡೆದದ್ದು ಯುನೈಟೆಡ್ ಸೌಂಡ್ ಸ್ಟುಡಿಯೋದಲ್ಲಿ, ಎಂಜಿನಿಯರ್ ಜಿಮ್ ವಿಟ್ಟಿ. ಸ್ಟುಡಿಯೋ ಅಂದರೆ ಸಾಮಾನ್ಯದ್ದಲ್ಲ. ಬೆರಿ ಗೋರ್ಡಿ 1959ರಲ್ಲಿ ಮೊದಲ ಹಾಡು ಮುದ್ರಿಸಿದ್ದೂ ಇಲ್ಲೇ. ಹನ್ನೆರಡು ಹಾಡು ಮಾಡಬೇಕು ಅಂತ ಯೋಜನೆ. ಏಳು ಆಯಿತು.

ಏಳಕ್ಕೇ ಯಾಕೆ ನಿಂತಿತು? ಮನೆಯವರು ಹೇಳೋದು ಹೀಗೆ: ಕ್ಲೈವ್ ಡೇವಿಸ್ ಅನ್ನೋ ನ್ಯೂಯಾರ್ಕಿನ ದೊಡ್ಡ ಕುಳ ಈ ಹಾಡುಗಳನ್ನು ಕೇಳಿ ಮೆಚ್ಚಿದರು, ಖರ್ಚಿಗೂ ಕೊಟ್ಟರು. ಆದರೆ ಹೆಸರು ಬದಲಾಯಿಸಿ ಅಂದರು. ಡೇವಿಡ್ ಸುತರಾಂ ಒಪ್ಪಲಿಲ್ಲ. ತಮ್ಮಂದಿರಿಗೆ ಒಳಗೊಳಗೇ ಏನನ್ನಿಸಿತೋ, ಅಣ್ಣನ ಬೆನ್ನಿಗೆ ನಿಂತರು. ಮಾತುಕತೆ ಮುರಿಯಿತು.

ಇಲ್ಲಿ ಒಂದು ತಾರೀಖಿನ ತೊಡಕಿದೆ. ಬಹಳ ಕಡೆ ಕ್ಲೈವ್ ಡೇವಿಸ್ ಅವರನ್ನು 'ಕೊಲಂಬಿಯಾ ರೆಕಾರ್ಡ್ಸ್ ಅಧ್ಯಕ್ಷ' ಅಂತ ಬರೆದಿದ್ದಾರೆ. ಆದರೆ ಡೇವಿಸ್ ಅವರನ್ನು ಕೊಲಂಬಿಯಾದಿಂದ ಕಳಿಸಿದ್ದು 1973ರಲ್ಲೇ. 1974ರ ಕೊನೆಯ ಹೊತ್ತಿಗೆ ಅವರು ಕಟ್ಟಿದ್ದು 'ಅರಿಸ್ಟಾ' ಅನ್ನೋ ಹೊಸ ಕಂಪನಿ. ಹಾಗಾದರೆ 1975ರಲ್ಲಿ ಈ ಮಾತುಕತೆ ನಡೆದಿದ್ದರೆ ಅದು ಅರಿಸ್ಟಾ ಜೊತೆ ಆಗಿರಬೇಕು, ಕೊಲಂಬಿಯಾ ಜೊತೆ ಅಲ್ಲ. ನೆನಪು ಘಟನೆಯನ್ನು ಸರಿಯಾಗಿ ಹಿಡಿದಿಟ್ಟು ಬೋರ್ಡಿನ ಹೆಸರನ್ನು ಮಾತ್ರ ಅದಲು ಬದಲು ಮಾಡುತ್ತೆ. ಮನೆಮಾತಿನ ಇತಿಹಾಸ ಓದುವಾಗ ಇಂಥದ್ದು ಎಷ್ಟು ಸಲ ಎದುರಾಗುತ್ತೋ. ಅದಕ್ಕೇ ಇಡೀ ಕತೆಯೇ ಸುಳ್ಳು ಅನ್ನೋದು ತಪ್ಪು, ಇಡೀ ಕತೆಯನ್ನು ಹಾಗೇ ನುಂಗೋದೂ ತಪ್ಪು.

ಇದು ಬರೀ ಕೊಸರಾಟ ಅಂದ್ಕೋಬೇಡಿ. ಕಂಪನಿ ಅರಿಸ್ಟಾ ಅಂತಾದರೆ ಕತೆಗೆ ಬೇರೆಯೇ ತೂಕ ಬರುತ್ತೆ. ಯಾಕೆ ಅಂದರೆ ಅದೇ 1975ರಲ್ಲಿ ಅರಿಸ್ಟಾ ಹೊರತಂದ ಆಲ್ಬಮ್ ಪ್ಯಾಟಿ ಸ್ಮಿತ್‌ಳ 'ಹಾರ್ಸಸ್'. ನ್ಯೂಯಾರ್ಕ್ ಪಂಕ್ ಕತೆ ಹೇಳುವವರೆಲ್ಲ ಮೊದಲಿಗೆ ಹೆಸರಿಸುವ ಆಲ್ಬಮ್‌ಗಳಲ್ಲಿ ಅದೂ ಒಂದು. ಅದರಲ್ಲಿ ಗಿಟಾರ್ ನುಡಿಸಿದ್ದು ಯಾರು? ಆಗಲೇ ಹೇಳಿದ ಲೆನ್ನಿ ಕೇ, ಗ್ಯಾರೇಜ್ ಹಾಡು ಹೆಕ್ಕಿದ ಪುಣ್ಯಾತ್ಮ! ಅಂದರೆ ಇಂಥ ಒರಟು ಸಂಗೀತಕ್ಕೆ ಕಾಲ ಬಂದಿರಲಿಲ್ಲ ಅಂತಲ್ಲ, ಆ ಕಂಪನಿಗೆ ಕಿವಿ ಇರಲಿಲ್ಲ ಅಂತಲೂ ಅಲ್ಲ. ಅದೇ ವರ್ಷ, ಅದೇ ಮನುಷ್ಯನ ಮೇಜಿನ ಮೇಲಿಂದ ಒಂದು ಆಲ್ಬಮ್ ಅಂಗಡಿಗೆ ಹೋಯಿತು, ಇನ್ನೊಂದು ವಾಪಸ್ ಮನೆಗೆ ಹೋಯಿತು.

1976ರಲ್ಲಿ ಅಣ್ಣತಮ್ಮಂದಿರು ಸ್ವಂತ ಖರ್ಚಿನಲ್ಲಿ ಒಂದು ಪುಟ್ಟ ರೆಕಾರ್ಡ್ ಮಾಡಿಸಿದರು. ಒಂದು ಕಡೆ 'ಪಾಲಿಟಿಷಿಯನ್ಸ್ ಇನ್ ಮೈ ಐಸ್', ಇನ್ನೊಂದು ಕಡೆ 'ಕೀಪ್ ಆನ್ ನಾಕಿಂಗ್'. ಲೇಬಲ್ ಹೆಸರು 'ಟ್ರಯಾಂಗಲ್', ಆ ತ್ರಿಕೋನದ ನೆನಪಿಗೆ. ಒಟ್ಟು ಪ್ರತಿ 500. ರೇಡಿಯೋದವರು ಮೂಸಲಿಲ್ಲ. ಊರೆಲ್ಲ ಡಿಸ್ಕೋ ಗಾಳಿ. ಅದೇ 1976ರಲ್ಲಿ ಡಾನ್ ಡೇವಿಸ್ ತಯಾರಿಸಿದ ಜಾನಿ ಟೇಲರ್ ಹಾಡು 'ಡಿಸ್ಕೋ ಲೇಡಿ' ಅಮೆರಿಕದಲ್ಲಿ ಪ್ಲಾಟಿನಮ್ ಪಟ್ಟ ಪಡೆದ ಮೊಟ್ಟಮೊದಲ ಸಿಂಗಲ್ ಆಯಿತು. ಒಂದೇ ಯಜಮಾನನ ಕೈಕೆಳಗಿನ ಎರಡು ಹಾಡು. ಒಂದು ಇಪ್ಪತ್ತು ಲಕ್ಷ ದಾಟಿತು, ಇನ್ನೊಂದರ 500 ಪ್ರತಿ ಹಂಚೋದೇ ಕಷ್ಟವಾಯಿತು.

* * *

ಆ ಹಾಡುಗಳು ಹೇಗಿವೆ? ಏಳೂ ಸೇರಿ ಅರ್ಧ ಗಂಟೆಯೂ ಇಲ್ಲ. 'ಪಾಲಿಟಿಷಿಯನ್ಸ್ ಇನ್ ಮೈ ಐಸ್' ಸ್ವಲ್ಪ ಉದ್ದ, ಹುಡುಗರನ್ನು ಯುದ್ಧಕ್ಕೆ ಕಳಿಸಿ ತಾವು ಹಾಯಾಗಿರುವ ರಾಜಕಾರಣಿಗಳ ಮೇಲಿನ ಸಿಟ್ಟು. ವಿಯೆಟ್ನಾಂ ಯುದ್ಧದ ಕೊನೆಗಾಲ ಅದು. ಸೈಗಾನ್ ಬಿದ್ದದ್ದು 1975ರ ಏಪ್ರಿಲ್‌ನಲ್ಲಿ. 'ಫ್ರೀಕಿನ್ ಔಟ್' ಅಂತೂ ಮೂರು ನಿಮಿಷವೂ ಇಲ್ಲ, ಉಸಿರು ಬಿಡೋದರೊಳಗೆ ಮುಗಿಯುತ್ತೆ. ಕೇಳುವಾಗ ಗಮನಿಸಿ: ಡ್ಯಾನಿಸ್‌ನ ಡ್ರಮ್ ಓಡುತ್ತಿದ್ದರೂ ಬಾಬಿಯ ಬೇಸ್ ಗಿಟಾರ್ ಒಂದು ಕಡೆ ಫಂಕ್ ನೆನಪಿನಲ್ಲಿ ಪುಟಿಯುತ್ತಿರುತ್ತೆ. ರಾಮೋನ್ಸ್‌ನಲ್ಲಿ ಅದು ಸಿಗೋದಿಲ್ಲ. 'ಲೆಟ್ ದ ವರ್ಲ್ಡ್ ಟರ್ನ್' ನಿಧಾನಕ್ಕೆ ತೇಲುತ್ತಾ ಶುರುವಾಗಿ ಇದ್ದಕ್ಕಿದ್ದಂತೆ ಎದ್ದು ಓಡುತ್ತೆ. ಯಾವುದೋ ಒಂದು ಚೌಕಟ್ಟಿಗೆ ಹೊಂದಿಸಿ ಮಾಡಿದ ಸಂಗೀತ ಇದಲ್ಲ. ಆ ಚೌಕಟ್ಟೇ ಇನ್ನೂ ತಯಾರಾಗಿರಲಿಲ್ಲವಲ್ಲ.

ಹಾಗಾದರೆ 'ಮೊಟ್ಟಮೊದಲ ಪಂಕ್ ಬ್ಯಾಂಡ್' ಇದೇನಾ? ಪತ್ರಿಕೆಗಳಿಗೆ ಈ ಶೀರ್ಷಿಕೆ ಬಹಳ ಇಷ್ಟ. ನನಗೆ ಅಷ್ಟು ಒಪ್ಪಿಗೆ ಇಲ್ಲ. ಸ್ಟೂಜಸ್, ಎಂಸಿ5 ಇವರಿಗಿಂತ ಹಿಂದಿನವರು. ಇನ್ನೂ ಹಿಂದೆ ಹೋದರೆ ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾದಲ್ಲಿ 'ಲೋಸ್ ಸೈಕೋಸ್' ಅನ್ನೋ ಹುಡುಗರು 1965ರಲ್ಲೇ ಗಂಟಲು ಹರಿದುಕೊಂಡು ರೈಲು ನಿಲ್ದಾಣ ಕೆಡವೋಣ ಅಂತ ಹಾಡಿದ್ದರು. 'ಮೊದಲು' ಯಾರು ಅನ್ನೋ ಓಟದಲ್ಲಿ ಯಾವಾಗಲೂ ಇನ್ನೊಬ್ಬ ಹಿಂದಿನಿಂದ ಬಂದು ಮುಂದಾಗ್ತಾನೆ.

ನನಗೆ ಮುಖ್ಯ ಅನ್ನಿಸೋದು ಬೇರೆ. ಪಂಕ್ ಇತಿಹಾಸವನ್ನು ಬರೆಯುವಾಗ ನ್ಯೂಯಾರ್ಕ್, ಲಂಡನ್ ಅಂತ ಎರಡು ಊರು, ಬಿಳಿ ಹುಡುಗರು ಅಂತ ಒಂದು ಬಣ್ಣ ಗಟ್ಟಿಯಾಗಿಬಿಟ್ಟಿತು. 70ರ ದಶಕದ ಕೊನೆಗೆ ವಾಷಿಂಗ್ಟನ್ ಡಿ.ಸಿ.ಯಿಂದ 'ಬ್ಯಾಡ್ ಬ್ರೇನ್ಸ್' ಅನ್ನೋ ಕಪ್ಪು ಹುಡುಗರ ಪಂಕ್ ಬ್ಯಾಂಡ್ ಬಂದಾಗ ಅದನ್ನೊಂದು ಅಪವಾದ, ಅಚ್ಚರಿ ಅನ್ನೋ ಹಾಗೆ ನೋಡಿದರು. ಡೆತ್‌ನ ಆಲ್ಬಮ್ ಆಗಲೇ ಅಂಗಡಿಯಲ್ಲಿದ್ದಿದ್ದರೆ ಅಪವಾದ ಅನ್ನೋ ಮಾತೇ ಬರುತ್ತಿರಲಿಲ್ಲ. ಅದರ ಮುಂದಿನ ಕಪ್ಪು ಹುಡುಗನಿಗೆ "ಇದು ನಮ್ಮದಲ್ಲ" ಅನ್ನಿಸುತ್ತಲೂ ಇರಲಿಲ್ಲ. ಒಂದು ಆಲ್ಬಮ್ ಹೊರಬರದೇ ಹೋದರೆ ಹೋಗೋದು ಏಳು ಹಾಡು ಮಾತ್ರ ಅಲ್ಲ. ಅದನ್ನು ಕೇಳಿ ಹುಟ್ಟಬೇಕಾಗಿದ್ದ ಹಾಡುಗಳೂ ಹೋಗುತ್ತವೆ. ಆ ನಷ್ಟಕ್ಕೆ ಲೆಕ್ಕ ಇಲ್ಲ.

* * *

1977ರ ಹೊತ್ತಿಗೆ ಡೆತ್ ಮುಗಿದಿತ್ತು. ಅಣ್ಣತಮ್ಮಂದಿರು ಡೆಟ್ರಾಯ್ಟ್ ಬಿಟ್ಟು ದೂರದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ಗೆ ಹೋದರು. ಚಳಿ ಊರು, ಕಪ್ಪು ಜನ ತೀರಾ ಕಡಿಮೆ. ಅಲ್ಲಿ 'ಫೋರ್ತ್ ಮೂವ್‌ಮೆಂಟ್' ಅಂತ ಹೆಸರು ಬದಲಾಯಿಸಿ, ದೇವರ ಹಾಡಿನ ರಾಕ್ ಆಲ್ಬಮ್ ಎರಡು ಮಾಡಿದರು. ಕಂಪನಿ ಕೇಳಿದಾಗ ಬದಲಾಗದ ಹೆಸರು, ಯಾರೂ ಕೇಳದಾಗ ಬದಲಾಯಿತು!

1982ರಲ್ಲಿ ಡೇವಿಡ್ ಡೆಟ್ರಾಯ್ಟ್‌ಗೆ ವಾಪಸ್ಸಾದ. ತಮ್ಮಂದಿರು ಬರ್ಲಿಂಗ್ಟನ್‌ನಲ್ಲೇ ಉಳಿದರು. ಸಂಸಾರ ಆಯಿತು, ಮಕ್ಕಳಾದರು. ಬಾಬಿ, ಡ್ಯಾನಿಸ್ ಇಬ್ಬರೂ ಸೇರಿ 'ಲ್ಯಾಂಬ್ಸ್‌ಬ್ರೆಡ್' ಅಂತ ರೆಗೆ ಬ್ಯಾಂಡ್ ಕಟ್ಟಿ ಆ ಭಾಗದಲ್ಲಿ ಒಳ್ಳೆ ಹೆಸರು ಮಾಡಿದರು. ಮಕ್ಕಳ ಪಾಲಿಗೆ ಅಪ್ಪ ಅಂದರೆ ರೆಗೆ ಹಾಡುವವರು, ಅಷ್ಟೇ.

2000ದಲ್ಲಿ ಡೇವಿಡ್ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಸಾಯುವ ಮೊದಲು 1975ರ ಮೂಲ ಟೇಪುಗಳನ್ನು ಬಾಬಿಯ ಕೈಗೆ ಕೊಟ್ಟು, ಮುಂದೊಂದು ದಿನ ಜನ ಇದನ್ನು ಹುಡುಕಿಕೊಂಡು ಬರ್ತಾರೆ, ಜೋಪಾನ ಅಂತ ಹೇಳಿದ್ದನಂತೆ. ಬಾಬಿ ಅದನ್ನು ತಮ್ಮ ಮನೆ ಅಟ್ಟಕ್ಕೆ ಸೇರಿಸಿದರು.

ಟೇಪಿನ ವಿಷಯ ಇಲ್ಲಿ ಎರಡು ಮಾತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಒಂದು ಅಂಟಿನಿಂದ ಹಿಡಿಸಿರುತ್ತಾರೆ. ಹಾಡು ಇರೋದು ಆ ಪುಡಿಯಲ್ಲಿ. 70ರ ದಶಕದಲ್ಲಿ ಬಂದ ಎಷ್ಟೋ ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತೆ. ಹಾಗೇ ಓಡಿಸಿದರೆ ಪುಡಿ ಕಿತ್ತುಕೊಂಡು ಬರುತ್ತೆ, ಹಾಡೂ ಅದರ ಜೊತೆ ಹೋಗುತ್ತೆ. ಅಂಥ ಟೇಪನ್ನು ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಆಮೇಲೆ ಬೇಗ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಕಾಯುವ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಅಟ್ಟ ಟೇಪಿಗೆ ಒಳ್ಳೆಯ ಜಾಗವೇ ಅಲ್ಲ. ಆದರೆ ಅಟ್ಟಕ್ಕೆ ಒಂದು ಗುಣ ಇದೆ: ಅಲ್ಲಿಟ್ಟದ್ದನ್ನು ಯಾರೂ ಎಸೆಯೋದಿಲ್ಲ. ಎಷ್ಟು ಮನೆಗಳ ಓಲೆಗರಿ, ಕಡತ, ಪತ್ರ, ಫೋಟೋ ಉಳಿದಿರೋದು ಯಾರೋ ಓದಿದರು ಅಂತಲ್ಲ, ಯಾರೂ ಅಟ್ಟ ಗುಡಿಸಲಿಲ್ಲ ಅಂತ!

* * *

ಆ 500 ಪ್ರತಿಗಳು ಸುಮ್ಮನಿರಲಿಲ್ಲ. ಹಳೇ ರೆಕಾರ್ಡ್ ಹುಡುಕುವ ಹುಚ್ಚರ ಕೈಗೆ ಒಂದೊಂದೇ ಸಿಕ್ಕಿ, ಬೆಲೆ ನೂರಾರು ಡಾಲರಿಗೆ ಏರಿತು. 2008ರ ಹೊತ್ತಿಗೆ ಹಾಡು ಎಂಪಿ3 ಆಗಿ ಇಂಟರ್‌ನೆಟ್‌ನಲ್ಲಿ ಓಡಾಡತೊಡಗಿತು. ಕ್ಯಾಲಿಫೋರ್ನಿಯಾದಲ್ಲಿದ್ದ ಬಾಬಿಯ ಮಗ ಜೂಲಿಯನ್ ಕಿವಿಗೂ ಬಿತ್ತು. ಕೇಳುತ್ತಿದ್ದ ಹಾಗೆ ದನಿಯ ಗುರುತು ಹತ್ತಿತು: ಇದು ಅಪ್ಪ! ಮನೆಗೆ ಫೋನ್ ಹೋಯಿತು. ಮೂವತ್ತು ವರ್ಷ ಬಾಯಿ ಬಿಡದ ಅಪ್ಪ ಆಮೇಲೆ ಕತೆ ಹೇಳಿದರು.

ಯಾಕೆ ಹೇಳಿರಲಿಲ್ಲ? ಹೇಳಬೇಕು ಅಂದರೆ ಪಟ್ಟ ಅವಮಾನಗಳನ್ನೆಲ್ಲ ಮತ್ತೆ ನೆನೆಯಬೇಕು. ಗೆದ್ದ ಕತೆಯನ್ನು ಮಕ್ಕಳಿಗೆ ಊಟದ ಹೊತ್ತಲ್ಲಿ ಹೇಳಬಹುದು. ಸೋತ ಕತೆಗೆ ಹೊತ್ತು ಸಿಗೋದಿಲ್ಲ. ಎಷ್ಟು ಮನೆಗಳಲ್ಲಿ ಹೀಗೇ ಇಲ್ಲ ಹೇಳಿ.

ಮುಂದಿನದು ಬೇಗ ಬೇಗ ನಡೆಯಿತು. ಜೂಲಿಯನ್, ಯೂರಿಯನ್, ಕಿರಿಯ ಬಾಬಿ ಮೂವರೂ ಅಣ್ಣತಮ್ಮಂದಿರು ಗೆಳೆಯರ ಜೊತೆ ಸೇರಿ 2008ರಲ್ಲಿ ಒಂದು ಬ್ಯಾಂಡ್ ಕಟ್ಟಿದರು, ಡೆತ್‌ನ ಹಾಡುಗಳನ್ನು ನುಡಿಸಲಿಕ್ಕಂತಲೇ. ಬ್ಯಾಂಡಿನ ಹೆಸರು 'ರಫ್ ಫ್ರಾನ್ಸಿಸ್'. ಅದು ಡೇವಿಡ್ ನಂತರದ ದಿನಗಳಲ್ಲಿ ತನಗೆ ತಾನೇ ಇಟ್ಟುಕೊಂಡಿದ್ದ ಹೆಸರು. ಇಂಗ್ಲಿಷಿನಲ್ಲಿ ಇದನ್ನು ಹೇಳುವಾಗ 'ಅಂಕಲ್' ಅಂತ ಮುಗಿಸಿಬಿಡ್ತಾರೆ. ಮಾವನೂ ಅಂಕಲ್, ಚಿಕ್ಕಪ್ಪನೂ ಅಂಕಲ್, ಪಕ್ಕದ ಮನೆಯವನೂ ಅಂಕಲ್. ನಮ್ಮ ಭಾಷೆಯಲ್ಲಿ ಹೇಳಿದರೆ ತಾನೇ ಇದರ ಭಾರ ಗೊತ್ತಾಗೋದು: ಅಪ್ಪನಿಗೆ ಅಣ್ಣ, ಇವರಿಗೆ ದೊಡ್ಡಪ್ಪ. ಅಪ್ಪ ಅಣ್ಣನ ಮಾತಿಗೆ ಕಟ್ಟುಬಿದ್ದು ಕಳಕೊಂಡಿದ್ದನ್ನು ಮಕ್ಕಳು ದೊಡ್ಡಪ್ಪನ ಹೆಸರು ಹೊತ್ತು ವಾಪಸ್ ತಂದರು.

2009ರ ಆರಂಭದಲ್ಲಿ ಶಿಕಾಗೋದ ಡ್ರ್ಯಾಗ್ ಸಿಟಿ ಕಂಪನಿ ಆ ಏಳೂ ಹಾಡು ಸೇರಿಸಿ 'ಫಾರ್ ದ ಹೋಲ್ ವರ್ಲ್ಡ್ ಟು ಸೀ' ಅನ್ನೋ ಹೆಸರಲ್ಲಿ ಆಲ್ಬಮ್ ತಂದಿತು. ಇಡೀ ಲೋಕ ನೋಡಲಿ ಅಂತ ಅರ್ಥ. ಅದೇ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಉದ್ದನೆಯ ಲೇಖನ ಬರೆಯಿತು. ಡೆಟ್ರಾಯ್ಟ್‌ನವನೇ ಆದ ಜ್ಯಾಕ್ ವೈಟ್ ಕೇಳಿ ಬೆರಗಾದ. ಸೆಪ್ಟೆಂಬರ್‌ನಲ್ಲಿ ಬಾಬಿ, ಡ್ಯಾನಿಸ್ ಮತ್ತೆ ವೇದಿಕೆ ಹತ್ತಿದರು, ಡೇವಿಡ್ ಜಾಗದಲ್ಲಿ ಲ್ಯಾಂಬ್ಸ್‌ಬ್ರೆಡ್‌ನ ಗಿಟಾರ್‌ನವರು ನಿಂತರು. ಹಳೇ ಟೇಪುಗಳಿಂದ 2011ರಲ್ಲಿ ಇನ್ನೊಂದು, 2014ರಲ್ಲಿ ಮತ್ತೊಂದು ಆಲ್ಬಮ್ ಬಂತು. ನಡುವೆ 2012ರಲ್ಲಿ 'ಎ ಬ್ಯಾಂಡ್ ಕಾಲ್ಡ್ ಡೆತ್' ಅನ್ನೋ ಸಾಕ್ಷ್ಯಚಿತ್ರ. 2015ರಲ್ಲಿ ಬಂದ ಆಲ್ಬಮ್ ಹೆಸರಂತೂ ಇಂಗ್ಲಿಷಿನ ಎನ್, ಇ, ಡಬ್ಲ್ಯೂ ಅನ್ನೋ ಮೂರು ಅಕ್ಷರ. ಬಿಡಿಸಿ ಓದಿದರೂ ಕೂಡಿಸಿ ಓದಿದರೂ 'ಹೊಸತು'! ಬ್ಯಾಂಡ್ ಶುರುವಾಗಿ ನಲವತ್ತು ವರ್ಷ ದಾಟಿದ ಮೇಲೆ.

ರಫ್ ಫ್ರಾನ್ಸಿಸ್ ಹುಡುಗರೂ ದೊಡ್ಡಪ್ಪನ ಹಾಡಿಗೇ ನಿಲ್ಲಲಿಲ್ಲ, ಆಮೇಲೆ ಸ್ವಂತ ಹಾಡು ಕಟ್ಟಿದರು. 2020ರಲ್ಲಿ ಅವರ 'ಅರ್ಜೆಂಟ್ ಕೇರ್' ಬಂತು. ಆಸ್ತಿಯನ್ನು ಬರೀ ಕಾಯೋದು ಬೇರೆ, ಬೆಳೆಸೋದು ಬೇರೆ.

* * *

ಕೊನೆಗೆ ನನ್ನನ್ನು ಕಾಡೋ ಪ್ರಶ್ನೆ. ಡೇವಿಡ್ ಮಾಡಿದ್ದು ಸರಿಯಾ?

ಹೆಸರು ಬದಲಾಯಿಸಿದ್ದರೆ ಆಲ್ಬಮ್ 1975ರಲ್ಲೇ ಬರುತ್ತಿತ್ತೇನೋ. ತಮ್ಮಂದಿರಿಗೆ ದುಡ್ಡು ಬರುತ್ತಿತ್ತು. ಅವನ ಹಾಡು ಜನ ಕೇಳೋದನ್ನು ಅವನೇ ನೋಡಬಹುದಿತ್ತು. ಒಬ್ಬನ ಹಟಕ್ಕೆ ಮೂವರು ಬೆಲೆ ತೆತ್ತರು, ಇದು ನಿಜ. "ಹಟ ಮಾಡಿದ್ದಕ್ಕೇ ಇವತ್ತು ಹೆಸರು ಬಂತು" ಅನ್ನೋ ಸಿನಿಮಾ ನ್ಯಾಯ ನನಗೆ ಹಿಡಿಸೋದಿಲ್ಲ. ಹೀಗೇ ಹಟ ಮಾಡಿ, ಹೀಗೇ ಅಟ್ಟದ ಮೇಲೆ ಟೇಪ್ ಇಟ್ಟು, ಯಾರೂ ಹುಡುಕಿಕೊಂಡು ಬರದೇ ಹೋದವರ ಲೆಕ್ಕ ಯಾರ ಹತ್ತಿರ ಇದೆ? ಉಳಿದವರ ಕತೆ ಮಾತ್ರ ನಮಗೆ ಕೇಳಿಸೋದು.

ಆದರೂ ಡೇವಿಡ್‌ನ ಕಡೆಯಿಂದ ಒಂದು ಮಾತು. ಅವನಿಗೆ ಆ ಹೆಸರು ಅಂಗಡಿ ಬೋರ್ಡ್ ಆಗಿರಲಿಲ್ಲ. ಅಪ್ಪ ಹೋದ ಮೇಲೆ ಸಾವನ್ನು ಹೇಗೆ ನೋಡಬೇಕು ಅಂತ ತಾನು ಕಂಡುಕೊಂಡದ್ದು ಅದು. ಅದನ್ನು ಬಿಡಿ ಅಂದರೆ ಹಾಡು ಉಳಿಸಿಕೊಂಡು ಹಾಡಿನ ಕಾರಣ ಬಿಡಿ ಅಂದ ಹಾಗೆ ಅವನಿಗೆ ಕೇಳಿಸಿರಬೇಕು. ತಮ್ಮಂದಿರು ಅವನನ್ನು ಒಪ್ಪಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಬಿಟ್ಟುಕೊಡಲಿಲ್ಲ ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ. ಅಣ್ಣ ಸರಿಯಾ ತಪ್ಪಾ ಅನ್ನೋದು ತೀರ್ಮಾನವಾಗದೆ ಇದ್ದರೂ ಟೇಪನ್ನು ಮಾತ್ರ ಒಂಬತ್ತು ವರ್ಷ ಇಟ್ಟುಕೊಂಡಿದ್ದರಲ್ಲ!

ಇತಿಹಾಸ ಅಂದರೆ ಯಾರು ಮೊದಲು ಮಾಡಿದರು ಅನ್ನೋ ಪಟ್ಟಿ ಅಂತ ನಾವು ಓದಿಕೊಂಡು ಬಂದಿದ್ದೀವಿ. ಯಾರು ಇಟ್ಟುಕೊಂಡರು ಅನ್ನೋದು ಆ ಪಟ್ಟಿಯಲ್ಲಿ ಬರೋದೇ ಇಲ್ಲ.

ಪುರುಸೊತ್ತಾದಾಗ ಆ ಏಳು ಹಾಡು ಕೇಳಿ, ಅರ್ಧ ಗಂಟೆಗಿಂತ ಕಡಿಮೆ ಸಾಕು. ಹಾಗೇ ನಿಮ್ಮ ಮನೆಯಲ್ಲಿ ದೊಡ್ಡಪ್ಪನೋ ಚಿಕ್ಕಪ್ಪನೋ ನಾಟಕ ಬರೆದದ್ದು, ಹಾಡಿದ್ದು, ಕ್ಯಾಸೆಟ್ಟಿನಲ್ಲಿ ಉಳಿದದ್ದು ಏನಾದರೂ ಇದ್ದರೆ ಈ ವಾರವೇ ಇಳಿಸಿ ನೋಡಿ. ಟೇಪಿನ ಅಂಟು ಯಾರಿಗೋಸ್ಕರವೂ ಕಾಯೋದಿಲ್ಲ. ಸಿಕ್ಕಿದ್ದೇನು ಅಂತ ನಿಮ್ಮ ಬ್ಲಾಗಿನಲ್ಲಿ ಬರೀರಿ, ಓದೋಕೆ ನಾನಂತೂ ಇದ್ದೀನಿ.